ಬೆಳಕು ಯಾವ ಬಾಜು

ರೇಣವ್ವನ ಗಂಡ ನಾಗಲಿಂಗ ಹುಟ್ಟು ಮೂಕ, ಕಿವಿಯೂ ಕೇಳಿಸದು. ಖಾನಾಪುರದ ಹಂಚಿನ ಭಟ್ಟಿಯಲ್ಲಿ ಮಣ್ಣು ತುಳಿದು ವಯಸ್ಸು ಸವೆಸಿದವನು. ಅವನ ಮಾತೆಲ್ಲ ಕೈಯಲ್ಲಿ. ಮದುವೆಯಾದ ಹೊಸತರಲ್ಲಿ ಓಣಿಯವರು, "ರೇಣಿ ಬಾಯಿಗಿ ಬೀಗ ಬಿತ್ತು ನೋಡು" ಎಂದು ನಕ್ಕಿದ್ದರು. ನಕ್ಕವರಿಗೇನು ಗೊತ್ತು? ಆ ಮನೆಯಲ್ಲಿ ನಡೆಯುವಷ್ಟು ಮಾತು ಇಡೀ ಓಣಿಯಲ್ಲಿ ನಡೆಯುತ್ತಿರಲಿಲ್ಲ. ಮೀಸೆ ತಿರುವಿದರೆ ಆಕೆಯ ಅಣ್ಣ ಸೋಮಲಿಂಗ. ಸೊಂಟಕ್ಕೆ ಕೈಯಿಟ್ಟು ಕುತ್ತಿಗೆ ಕೊಂಕಿಸಿದರೆ ಬಾಜು ಮನೆಯ ಗೌರವ್ವ. ಸಿಟ್ಟು, ನಗೆಚಾಷ್ಟಿ, ಊರ ಸುದ್ದಿ ಎಲ್ಲಕ್ಕೂ ಅವನ ಬೆರಳಲ್ಲಿ ಜಾಗವಿತ್ತು. ಬೇರೆಯವರಿಗೆ ಅದು ತಿಳಿಯದು. "ಏನಂತಾನ ಬೇ ನಿನ್ ಗಂಡ?" ಎಂದು ಎಲ್ಲರೂ ಆಕೆಯನ್ನೇ ಕೇಳಬೇಕು, ಆಕೆಯೇ ಹೇಳಬೇಕು.

ಆಕೆಯ ಎಡಗಣ್ಣು ಚಿಕ್ಕಂದಿನಲ್ಲೇ ಜಾಂಬೋಟಿಯ ಕಾಡಿನಲ್ಲಿ ಬಿದಿರುಮುಳ್ಳಿಗೆ ಹೋಗಿತ್ತು. ಉಳಿದ ಬಲಗಣ್ಣಿಗೆ ಪೊರೆ ಬಂದಾಗ ಹಿರಿಯರ ಮಾತು ನೆನಪಿತ್ತು: ಪೊರೆ ಹಣ್ಣಾಗಬೇಕು, ಕಾಯಾಗಿದ್ದಾಗ ಮುಟ್ಟಬಾರದು. ಸರಿ, ಕಾದರು. ನಾಗಲಿಂಗ ಆಗಾಗ ಆಕೆಯನ್ನು ಹೊಸ್ತಿಲ ಮೇಲೆ ಕೂಡ್ರಿಸಿ, ಗದ್ದ ಎತ್ತಿ ಬಿಸಿಲಿಗೆ ಹಿಡಿದು ಕಣ್ಣು ನೋಡುವನು. ಆಮೇಲೆ ಮಾವಿನಹಣ್ಣು ಹಿಚುಕಿ ನೋಡಿದಂತೆ ಹೆಬ್ಬೆರಳು ಒತ್ತಿ, ತಲೆ ಅಲ್ಲಾಡಿಸುವನು. ಇನ್ನೂ ಕಾಯಿ. ಇಬ್ಬರೂ ನಗುವರು. ನಡುನಡುವೆ ಅರ್ಧ ತಲೆ ಸಿಡಿಯುತ್ತಿತ್ತು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತಿತ್ತು. ಹಣ್ಣಾಗುವ ಕಾವು ಅದು ಎಂದುಕೊಂಡರು. ಹಾಗೇ ಒಂದು ದಿನ ಅವನು ಗದ್ದ ಎತ್ತಿದ, ನೋಡಿದ, ಕೈಯಲ್ಲಿ ಏನೋ ತೋರಿಸಿದ. ಏನು ತೋರಿಸಿದನೋ ಆಕೆಗೆ ಕಾಣಲಿಲ್ಲ.

ಅಂದಿನಿಂದ ಆ ಮನೆ ನಿಜವಾಗಿ ಮೂಕವಾಯಿತು. ಊಟ, ನೀರು ಇಂಥವು ಕೈ ಹಿಡಿದು ಮುಟ್ಟಿಸಿದರೆ ತಿಳಿಯುತ್ತಿದ್ದವು. ಚಾಷ್ಟಿ ತಿಳಿಯುತ್ತಿರಲಿಲ್ಲ. ಅವನು ಅತ್ತರೂ ಯಾಕೆಂದು ತಿಳಿಯುತ್ತಿರಲಿಲ್ಲ.

ಸೋಮಲಿಂಗನ ಮಗಳು ಪ್ರಮಿಳಾ ಬೆಳಗಾವಿಯ ರಾಮತೀರ್ಥ ನಗರದಲ್ಲಿದ್ದಳು. ಬಂದು ನೋಡಿ ಬೈದು, ಇಬ್ಬರನ್ನೂ ತನ್ನ ಮನೆಗೆ ಕರೆದುಕೊಂಡು ಹೋದಳು.

"ಲೇಸರ್ ಮಾಡಸೂಣು ಅತ್ತಿ. ಬ್ಲೇಡ್ ಹಚ್ಚೂದಿಲ್ಲ. ಬೆಳಕಿನಾಗs ಕೊಯ್ತಾರ."

"ಬೆಳಕಿಗಿ ಕೊಯ್ಯಾಕ ಬರ್ತೈತೇನ? ಇಷ್ಟ ದಿನಾ ಬಿಸಲಾಗ ಕುಂತೇನಿ, ಒಂದ್ ಕೂದ್ಲಾ ಕೊಯ್ದಿಲ್ಲ."

"ನಿಂದೊಂದ್ ಚಾಷ್ಟಿ."

ದವಾಖಾನೆಯಲ್ಲಿ ತಿಳಿಹೇಳುವ ಹುಡುಗಿಯೊಬ್ಬಳು ಮೊದಲು ಅವರನ್ನು ಕೂಡ್ರಿಸಿಕೊಂಡಳು. ಲೇಸರ್ ಆದರೆ ಮಷೀನು ಕಣ್ಣಿಗೆ ದಾರಿ ಕೊರೆದು ಪೊರೆಯನ್ನು ಹೋಳು ಮಾಡುತ್ತದೆ. ಹೋಳು ತೆಗೆದು ಹೊಸ ಲೆನ್ಸು ಕೂಡಿಸುವುದು ಮಾತ್ರ ಬ್ಲೇಡು, ಲೇಸರ್ ಎರಡರಲ್ಲೂ ಡಾಕ್ಟರ ಕೈಯೇ. ಬಹಳ ಮಂದಿಗೆ ಕೊನೆಗೆ ಸಿಗುವ ನೋಟದಲ್ಲಿ ದೊಡ್ಡ ಫರಕು ಇಲ್ಲ. ಪೊರೆ ಪೂರಾ ಬೆಳ್ಳಗಾಗಿದ್ದರೆ ಲೇಸರ್ ನಾಟುವುದೂ ಕಷ್ಟ. ಡಾಕ್ಟರು ನೋಡಿಯೇ ಹೇಳಬೇಕು. ಪ್ರಮಿಳಾ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿದಳು.

"ಕೊಡ್ಲಿ ಹಚ್ಚಿದ್ರೂ ಹಚ್ಚಲೆವ್ವಾ," ಎಂದಳು ರೇಣವ್ವ. "ಅವನ ಕೈ ಕಂಡ್ರ ಸಾಕು ನನಗ."

ಒಳಗೆ ರೋಗಿಯ ಜೊತೆ ಒಬ್ಬರಿಗೇ ಪ್ರವೇಶ. ನಾಗಲಿಂಗ ಬೆಳಗಾವಿಗೆಂದು ಇಸ್ತ್ರಿ ಮಾಡಿಸಿದ್ದ ಗರಿಗರಿ ಅಂಗಿಯಲ್ಲಿ ಹೊರಗೆ ಮರದ ಕೆಳಗೆ ಕುಳಿತ. ಒಳಗಿನ ಬೆಂಚಿನ ಮೇಲೆ ಪಕ್ಕದಲ್ಲಿದ್ದವಳು ನೀಲಾ ಎಂಬ ಹೆಂಗಸು, ಎರಡನೆಯ ಕಣ್ಣಿನ ಪೊರೆ ತೆಗೆಸಲು ಬಂದವಳು.

"ಅಂಜಬ್ಯಾಡ್ರಿ ಎಕ್ಕಾ. ಮೊದಲ ಬ್ಯಾಟರಿ ಹಿಡೀತಾರ. ಬೆಳಕ ಯಾವ ಬಾಜು ಐತಿ ಅಂತ ಕೇಳ್ತಾರ, ಅಷ್ಟ."

"ಹೇಳಾಕ ಬರ್ಲಿಲ್ಲಂದ್ರ?"

"ಹೇಳಾಕ ಬರ್ಲಿಲ್ಲಂದ್ರ ಹೊಳ್ಳಿ ಕಳಸ್ತಾರ. ನಮ್ಮ ಓಣಿ ಮುದಕಪ್ಪಗ ಹಂಗs ಆತು."

ನಡು ಹಗಲಿನ ಸೂರ್ಯನೂ ತನಗೆ ಕಾಣುವುದಿಲ್ಲ ಎಂದು ರೇಣವ್ವ ಯಾರಿಗೂ ಹೇಳಿರಲಿಲ್ಲ. ಪೊರೆ ದಪ್ಪಗಾಗಿದೆ, ತೆಗೆದರೆ ಎಲ್ಲ ಬರುತ್ತದೆ ಎಂದು ನಂಬಿದ್ದಳು. ತೆಗೆಯುವುದಕ್ಕೇ ಒಲ್ಲೆ ಎಂದರೆ?

ಕರೆದರು. ಕುರ್ಚಿ ತಣ್ಣಗಿತ್ತು. ಎಲ್ಲರೂ ಡಾಕ್ಟರ್ ಬಾಯಿ ಎನ್ನುವ ಹೆಣ್ಣು ಡಾಕ್ಟರು ಎದುರಿಗೆ ಕುಳಿತರು. ಅವರ ಮೈಯಿಂದ ಸಾಬೂನಿನ ವಾಸನೆ ಬಂತು, ಕೋಟಿನ ತೋಳು ಸರಕ್ಕೆಂದಿತು. ರೇಣವ್ವ ಮೈಯೆಲ್ಲ ಕಿವಿಯಾದಳು. ಕುರುಡಾದ ಮೇಲೆ ಕಲಿತ ವಿದ್ಯೆ ಅದೊಂದೇ.

"ಬೆಳಕ ಯಾವ ಬಾಜು ಐತಿ ಅವ್ವಾ?"

ಸರಕ್.

"ಬಲಕ್ಕ ಐತ್ರಿ."

"ಈಗ?"

"ಎಡಕ್ಕ." ಮತ್ತೆ ಸರಕ್. "ಮ್ಯಾಲ ಹೋತ್ರಿ."

"ನೋಡ್ರಿ ಡಾಕ್ಟರ, ಎಷ್ಟ್ ಚಲೋ ಹೇಳಿದ್ರು!" ಪ್ರಮಿಳಾಳ ದನಿ ಏರಿತು. "ಹಂಗಾರ ಲೇಸರ್ ಮಾಡಾಕ ಬರ್ತೈತಲ್ರೀ?"

ಡಾಕ್ಟರ್ ಬಾಯಿ ರೇಣವ್ವನ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಇನ್ನೊಮ್ಮೆ ಎಂದರು. ತೋಳು ಸರಕ್ಕೆಂದಿತು.

"ಎಡಕ್ಕ ಐತ್ರಿ."

"ಖರೇನ?"

"ಖರೇ ರೀ. ಝಗ್ ಅಂತ ಹೊಡದಂಗ ಆಗಾಕತ್ತೈತಿ."



"ಅವ್ವಾ," ಎಂದರು ಡಾಕ್ಟರ್ ಬಾಯಿ ಮೆಲ್ಲಗೆ, "ಈ ಸಲ ನಾ ಬ್ಯಾಟರಿ ಹಚ್ಚೇ ಇಲ್ಲ."

ಮುಂದಿನದನ್ನು ಅವರು ಬಿಡಿಸಿ ಹೇಳಿದರು, ಎರಡೆರಡು ಸಲ. ಪೊರೆ ಎಷ್ಟೇ ದಪ್ಪಗಿರಲಿ, ಬೆಳಕಿನ ಸುಳಿವಂತೂ ತಿಳಿಯುತ್ತದೆ. ಈ ಕಣ್ಣಿನೊಳಗೆ ಒತ್ತಡ ಏರಿ, ನೋಟದ ನರವೇ ಒಣಗಿಹೋಗಿದೆ. ಆ ತಲೆಸಿಡಿತ, ಆ ಬಣ್ಣದ ಬಳೆ ಅದರದ್ದೇ.

"ಲೇಸರ್‌ನಾಗೂ ಆಗೂದಿಲ್ಲೇನ್ರೀ?" ಪ್ರಮಿಳಾ ಅಳುತ್ತಿದ್ದಳು.

"ಬ್ಲೇಡ್ ಹಚ್ಚಿದ್ರೂ ಅಷ್ಟ, ಲೇಸರ್ ಹಚ್ಚಿದ್ರೂ ಅಷ್ಟ. ಸತ್ತ ನರಾ ಹೊಳ್ಳಿ ಬರೂದಿಲ್ಲ. ಪೊರಿ ಹಣ್ಣಾಗ್ಲಿ ಅಂತ ಕಾಯಬಾರದಿತ್ತು."

"ಅವಗ ಹೇಳಬ್ಯಾಡ್ರಿ," ಎಂದಳು ರೇಣವ್ವ. ಆಮೇಲೆ ಆಕೆಗೇ ಹೊಳೆಯಿತು, ಅವನಿಗೆ ಹೇಳಬಲ್ಲವರು ಲೋಕದಲ್ಲಿ ತಾನಲ್ಲದೆ ಇನ್ನೊಬ್ಬರಿಲ್ಲ.

ಹೊರಗೆ ಬಂದರು. ನಾಗಲಿಂಗ ಎದ್ದು ಬಂದದ್ದು ಅಂಗಿಯ ಸಪ್ಪಳದಿಂದ ತಿಳಿಯಿತು. ಅವನು ಹಿಂದಿನಂತೆಯೇ ಆಕೆಯ ಗದ್ದ ಹಿಡಿದು, ಮುಖವನ್ನು ಬಿಸಿಲಿಗೆ ಎತ್ತಿದ.

ರೇಣವ್ವ ಕೈ ಎತ್ತಿದಳು. ಕಣ್ಣು ಮುಟ್ಟಿಕೊಂಡಳು. ಹೆಬ್ಬೆರಳು ಒತ್ತಿ ಮಾವಿನಹಣ್ಣು ಹಿಚುಕಿದಳು. ಆಮೇಲೆ ಕೊಳೆತದ್ದನ್ನು ತಿಪ್ಪೆಗೆ ಎಸೆದಂತೆ ಕೈ ಝಾಡಿಸಿದಳು.

ಗದ್ದ ಹಿಡಿದ ಕೈ ಕೆಳಗೆ ಬಿತ್ತು. ಆಮೇಲೆ ಅಂಗಿಯ ಗರಿಗರಿ ತೋಳು ಸರಕ್ಕೆಂದಿತು. ಮತ್ತೆ ಸರಕ್, ಮತ್ತೆ. ಅವನು ಅಷ್ಟು ಮಾತಾಡಿ ಎಷ್ಟೋ ಕಾಲವಾಗಿತ್ತು.

"ಅತ್ತಿ," ಪ್ರಮಿಳಾ ಆಕೆಯ ಭುಜ ಹಿಡಿದಳು, "ಮಾಮಾ ಏನೋ ಹೇಳಾಕತ್ತಾರ. ಏನಂತಾರ ಅತ್ತಿ?"

ಬಲಕ್ಕೆ. ಎಡಕ್ಕೆ. ಈಗ ಮೇಲೆ. ಕೈ ಯಾವ ಬಾಜು ಎಂಬುದಷ್ಟೇ ಒಂದೂ ತಪ್ಪದಂತೆ ತಿಳಿಯುತ್ತಿತ್ತು.