ಮನೆಯವರ ಡಬ್ಬಗಳು

ಡ್ಯೂಟಿ ಮುಗಿಸಿ, ಹೆಗಲಿನ ಟಿಕೆಟ್ ಚೀಲವನ್ನೂ ಇಳಿಸದೆ ಹಿತ್ತಿಲಿಗೆ ಬಂದವಳಿಗೆ ಮೊದಲು ಕಂಡದ್ದು ಟಬ್ಬು. ಅದರ ತುಂಬ ಬಿಸಿ ವಾಷಿಂಗ್ ಸೋಡಾ ನೀರು. ನೀರಿನ ಮೇಲೆ ಹಾಲಿನ ಕೆನೆಯಂತೆ, ಆದರೆ ಕಪ್ಪಗೆ, ಏನೋ ತೇಲುತ್ತಿತ್ತು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಗಾಜಿನ ಅಂಗಡಿಯವನು ಒಂದು ಚೌಕ ಗಾಜನ್ನೆತ್ತಿ ಹೆಬ್ಬೆರಳಿನಿಂದ ತಿಕ್ಕಿದ. ಗಾಜಿಗಂಟಿದ್ದ ಯಾರದೋ ಮುಖ ಸುಲಿದು ನೀರಿಗೆ ಬಿತ್ತು.

“ಏಯ್! ಏನ್ ಮಾಡ್ತಿದೀಯ?”

ಬಸ್ಸಿನ ಕೊನೇ ಸೀಟಿಗೂ ಕೇಳುವ ಗಂಟಲು ಅವಳದು. ಅವನು ಗಾಜನ್ನು ಕೈಬಿಡುವುದರಲ್ಲಿದ್ದ.

“ಬೈಬೇಡಿ ಅಕ್ಕಾ. ನಿಮ್ಮಣ್ಣಾನೇ ತಗೊಂಡ್ ಹೋಗು ಅಂದಿದ್ದು. ಫೋಟೋ ಫ್ರೇಮಿಗೆ ಹೇಳಿ ಮಾಡಿಸಿದ ಹಾಗಿದೆ.”

ತೀರಿಕೊಂಡ ಅಪ್ಪನ ಸ್ಟುಡಿಯೋ ಖಾಲಿ ಮಾಡುತ್ತಿದ್ದರು. ಹಳೆಯ ಗಾಜಿನ ನೆಗೆಟಿವ್‌ಗಳನ್ನೆಲ್ಲ ದಾಖಲೆ ಕೇಂದ್ರದವರು ಒಯ್ಯುವುದೆಂದು ಮಾತಾಗಿತ್ತು. ಮದುವೆ ಜೋಡಿ, ಶಾಲೆಯ ಗುಂಪು, ಹಾರ ಹಾಕಿಸಿಕೊಂಡ ದೊಡ್ಡ ಮನುಷ್ಯರು, ಇವೆಲ್ಲ ಅಪ್ಪ ತೆಗೆದವು. ಕೆಲಸದ ಹೆಂಗಸರನ್ನು ತೆಗೆದವಳು ಅಮ್ಮ. ನೂಲಿನ ಗಿರಣಿಯವರು, ಆಸ್ಪತ್ರೆಯ ಬಟ್ಟೆ ಒಗೆಯುವವರು, ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುವವರು ಅಪ್ಪನ ಮುಂದೆ ಮರಗಟ್ಟಿದಂತೆ ನಿಲ್ಲುತ್ತಿದ್ದರು. ಅಮ್ಮ ಬಂದರೆ ಮೈ ಸಡಿಲ ಬಿಡುತ್ತಿದ್ದರು. ಅದಕ್ಕೇ ಕ್ಯಾಮೆರಾ ಹೊತ್ತುಕೊಂಡು ಅವಳೇ ಹೋಗುತ್ತಿದ್ದಳು. ಪ್ರಿಂಟಿನ ಹಿಂದೆ ಮಾತ್ರ ಅಪ್ಪನ ಹೆಸರಿನ ಮುದ್ರೆ.

ಅಪ್ಪ ಹೆಂಡತಿಯ ಹೆಸರನ್ನು ಬಾಯಲ್ಲಿ ಆಡಿದವನಲ್ಲ. ಎಲ್ಲ ಗಂಡಸರಂತೆ ‘ನಮ್ಮ ಮನೆಯವರು’ ಎನ್ನುತ್ತಿದ್ದ. ಅವಳು ತೆಗೆದ ನೆಗೆಟಿವ್‌ಗಳ ಡಬ್ಬಗಳ ಮೇಲೂ ಅದನ್ನೇ ಬರೆದಿಟ್ಟಿದ್ದ: ಮನೆಯವರು. ದಾಖಲೆ ಕೇಂದ್ರದ ಮೇಡಂ ಅದನ್ನು ಓದಿ, ಮನೆ ಮಂದಿಯ ಫೋಟೋ ಇರಬೇಕು, ಖಾಸಗಿ, ಕೇಂದ್ರಕ್ಕೆ ಬೇಡ ಎಂದು ಸೀಮೆಸುಣ್ಣದಲ್ಲಿ ಗೀಟು ಹಾಕಿ ಬದಿಗಿಟ್ಟಿದ್ದಳು. ಆ ಡಬ್ಬಗಳಿಗೆ ಅಣ್ಣ ಗಾಜಿನವನನ್ನು ಕರೆದಿದ್ದ.

ಮಗಳು ತೋಳು ಮಡಿಸದೆ ಎರಡೂ ಕೈಯನ್ನು ಟಬ್ಬಿಗೆ ಹಾಕಿದಳು. ಚುರ್ರೆಂದಿತು. ಸಿಕ್ಕಷ್ಟು ಗಾಜು ಬಾಚಿ ಮೇಲೆತ್ತಿದಳು. ಕೆಲವಕ್ಕೆ ಕಪ್ಪು ಪದರ ಅಂಚಲ್ಲಿ ಬಿಟ್ಟಿತ್ತು, ಕೆಲವಕ್ಕೆ ಇನ್ನೂ ಗಟ್ಟಿಯಾಗಿ ಅಂಟಿತ್ತು.

ಗದ್ದಲ ಕೇಳಿ ಅಣ್ಣ ಬಂದ. “ಬಂದ್ಲಪ್ಪ ಕಂಡಕ್ಟರಮ್ಮ. ಎಲ್ರೂ ಟಿಕೆಟ್ ತಗೊಳ್ಳಿ.”

“ಹಲ್ಲು ಕಿರೀಬೇಡ. ಇವು ಅಮ್ಮ ತೆಗೆದವು.”

“ಅಮ್ಮ ದೀಪ ಹಿಡೀತಿದ್ಲು ಕಣೇ. ದೀಪ ಹಿಡಿದೋರೆಲ್ಲ ಫೋಟೋಗ್ರಾಫರ್ ಆದ್ರೆ, ಟಿಕೆಟ್ ಹರಿಯೋ ನೀನು ಬಸ್ಸಿಗೇ ಓನರ್ರು.”

“ನೀನು ಹಾಸ್ಟೆಲಲ್ಲಿ ಬಿದ್ದಿದ್ದೆ. ನಿಂಗೇನ್ ಗೊತ್ತು ಮಣ್ಣು?”

ಮುಂಬಾಗಿಲಲ್ಲಿ ವ್ಯಾನು ನಿಂತಿತು. ಕೊನೆಯ ಡಬ್ಬಗಳನ್ನು ಒಯ್ಯಲು ಬಂದ ಮೇಡಂ ಹಿತ್ತಿಲಿಗೆ ಕಾಲಿಟ್ಟು, ವಿಷಯ ಕೇಳಿ, ಟಬ್ಬಿನ ಕಡೆ ನೋಡಿ ಬಾಯಿ ಮುಚ್ಚಿಕೊಂಡಳು.

“ಅಯ್ಯೋ. ಮನೆಯವರು ಅಂದ್ರೆ ಇದಾ? ನಂಗೆ ಹೊಳೀಲೇ ಇಲ್ಲ.” ಪೆನ್ನು ತೆರೆದು ಪಟ್ಟಿ ನೋಡುತ್ತ ಹೇಳಿದಳು, “ಆದ್ರೆ ನೀವು ಹೇಳಿದ ಮಾತ್ರಕ್ಕೆ ಬೇರೆ ಹೆಸರು ಬರೆಯೋಕಾಗಲ್ಲ. ಎಲ್ಲಾ ಕಡೆ ನಿಮ್ಮಪ್ಪಾಜಿ ಮುದ್ರೆನೇ ಇದೆ. ಅಮ್ಮ ಇದಾರಲ್ಲ, ಅವರ ಬಾಯಿಂದ ಒಂದು ಮಾತು ಬರಲಿ.”

ಅಮ್ಮನನ್ನು ಕೈಹಿಡಿದು ಮಹಡಿಯಿಂದ ಇಳಿಸಿ ತಂದರು. ಮಂಡಿ ನೋವು, ಒಂದೊಂದು ಮೆಟ್ಟಿಲಿಗೂ ನಿಂತಳು.

“ಅಮ್ಮಾ, ಈ ಗಿರಣಿ ಹೆಂಗಸರ ಫೋಟೋ ಎಲ್ಲ ಯಾರು ತೆಗೆದದ್ದು?” ಮೇಡಂ ಕೇಳಿದಳು.

ಅಮ್ಮ ಒಮ್ಮೆ ಎಲ್ಲರ ಮುಖ ನೋಡಿದಳು. “ಮನೆಯವರು,” ಎಂದಳು.

“ನೋಡಿದ್ರಾ!” ಅಣ್ಣ ಚಪ್ಪಾಳೆ ತಟ್ಟಿದ. ಅಮ್ಮನ ಬಾಯಲ್ಲಿ ಆ ಮಾತಿಗೆ ಅಪ್ಪ ಎಂದೇ ಅರ್ಥ.

“ಯಾವ ಮನೆಯವರಮ್ಮಾ? ನಿಂಗೆ ಮನೆಯವರೋ, ಅಪ್ಪಂಗೆ ಮನೆಯವರೋ? ಸರಿಯಾಗಿ ಹೇಳು!”

“ಕಿರುಚಬೇಡ. ಸ್ಟುಡಿಯೋ ಅವರದ್ದು, ಕ್ಯಾಮೆರಾ ಅವರದ್ದು. ಹೋದೋರ ಹೆಸರನ್ನ ನಾನ್ಯಾಕೆ ಕಿತ್ಕೊಳ್ಳಲಿ? ಬಿಟ್ಟಾಕು.”

ಮೇಡಂ ಪೆನ್ನಿನ ಮುಚ್ಚಳ ಹಾಕಿದಳು.

ಮಗಳಿಗೆ ಸಿಟ್ಟು ನೆತ್ತಿಗೇರಿತು. ಇಡೀ ಆಯುಷ್ಯ ಹೀಗೇ ಬಿಟ್ಟಾಕುತ್ತ ಬಂದವಳು! ಕೈಗೆ ಸಿಕ್ಕ ಒಂದು ಒದ್ದೆ ಗಾಜನ್ನು ತೆಗೆದು ಗಾಜಿನವನ ಮುಂದೆ ಚಾಚಿದಳು.

“ತಗೋ, ಇದನ್ನೂ ತಿಕ್ಕು. ಯಾರೂ ತೆಗೆದಿಲ್ವಂತೆ.”

“ಅಕ್ಕಾ, ಈಗ ತಾನೆ...”

“ತಿಕ್ಕು ಅಂದೆ!”

ಅವನು ಒಮ್ಮೆ ಅಣ್ಣನ ಮುಖ ನೋಡಿದ, ಒಮ್ಮೆ ಇವಳ ಮುಖ ನೋಡಿದ. ಹೆಬ್ಬೆರಳನ್ನು ಗಾಜಿನ ಮೂಲೆಗೆ ಒತ್ತಿದ. ಕಪ್ಪು ಪದರ ಸುಕ್ಕಾಯಿತು.

“ಕೈ ತೆಗಿಯೋ!”

ಅಮ್ಮನ ಗಂಟಲು ಅಷ್ಟು ಜೋರಿದೆಯೆಂದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಂಡಿ ನೋವು ಎಲ್ಲಿ ಹೋಯಿತೋ, ಎರಡೇ ಹೆಜ್ಜೆಗೆ ಬಂದು ಗಾಜು ಕಿತ್ತುಕೊಂಡು ಆಕಾಶಕ್ಕೆ ಹಿಡಿದಳು.

“ಇವಳು ಊಟದ ಹೊತ್ತು ಬಿಟ್ಟು ನಿಂತಿದ್ಲು ಕಣೋ. ಆಮೇಲೆ ನಿಂತ್ರೆ ಮೇಸ್ತ್ರಿ ಬೈತಾನೆ ಅಂತ. ಗಿರಣಿ ಒಳಗೆಲ್ಲ ಕತ್ತಲು, ಬೆಳಕೇ ಸಾಲ್ತಿರಲಿಲ್ಲ. ಉಸಿರು ಬಿಗಿ ಹಿಡಿ, ಅಲ್ಲಾಡಬೇಡ್ವೇ ಅಂದೆ. ಹಾಗೇ ನಿಂತ್ಲು ಮಹರಾಯ್ತಿ. ಅಂದದ್ದು ನಾನು. ತೆಗೆದದ್ದು ನಾನು. ನಾನು!”

ಮೇಡಂ ಮೆಲ್ಲಗೆ ಪೆನ್ನು ತೆರೆದಳು. ಹೆಸರು ಕೇಳಿದಳು, ಅಮ್ಮ ಹೇಳಿದಳು. ಬರೆದದ್ದನ್ನು ಇಣುಕಿ ನೋಡಿ, “ಒತ್ತು ಬಿಟ್ಟಿದೀರಿ,” ಎಂದಳು. ಮೇಡಂ ತಿದ್ದಿದಳು.

ಅಣ್ಣ ಉಳಿದ ಡಬ್ಬಗಳನ್ನು ತಾನೇ ಎತ್ತಿ ವ್ಯಾನಿಗೆ ಸಾಗಿಸಿದ. ತಂಗಿಯ ಮುಖ ನೋಡಲಿಲ್ಲ. ಅವಳು ಉರಿಯುವ ಕೈಗಳನ್ನು ನಲ್ಲಿಯ ಕೆಳಗೆ ಹಿಡಿದು ನಿಂತಿದ್ದಳು.

ಗೋಡೆಗೆ ಒರಗಿಸಿದ್ದ, ತೊಳೆದು ಶುಭ್ರವಾದ ಗಾಜುಗಳನ್ನು ತೋರಿಸಿ ಗಾಜಿನವನು ಅಳುಕುತ್ತ ಕೇಳಿದ, “ಇವನ್ನೇನು ಮಾಡ್ಲಿ ಅಜ್ಜೀ?”

ಅಮ್ಮ ಒಂದನ್ನೆತ್ತಿ ನೋಡಿದಳು. ಅದರಾಚೆ ಹಿತ್ತಿಲ ಗೋಡೆ ಮಾತ್ರ ಕಂಡಿತು. ಇನ್ನೊಂದನ್ನು ಎತ್ತಿದಳು, ಮತ್ತೊಂದನ್ನು ಎತ್ತಿದಳು.

“ಯಾರ್ಯಾರಿದ್ರೋ,” ಎಂದು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು.