ಬಸಿದ ನೀರು

ಹಾಸನದಲ್ಲಿ ಡಾಕ್ಟರ್ ಸಂಪತ್ಕುಮಾರರ ಮನೆಯ ಪಕ್ಕದ ಕಾಫಿಪುಡಿ ಅಂಗಡಿಯ ಯಂತ್ರ ಗರಗರನೆ ತಿರುಗತೊಡಗಿದರೆ ಬೀದಿಯ ಮಾತೆಲ್ಲ ಅರ್ಧಕ್ಕೆ ನಿಲ್ಲುತ್ತಿತ್ತು. ಯಾವ ವಾಕ್ಯವನ್ನೂ ಪೂರ್ತಿ ಮಾಡದೆ ಎದ್ದು ನಡೆಯುವುದನ್ನು ಡಾಕ್ಟರು ಕಲಿತದ್ದು ಆ ಯಂತ್ರದಿಂದಲೇ ಎಂದು ಡಯಾಲಿಸಿಸ್ ಕೋಣೆಯ ನರ್ಸ್ ಪಾರ್ವತಮ್ಮ ನನಗೆ ಹೇಳುತ್ತಿದ್ದರು. "ಮಿಕ್ಕಿದ್ದನ್ನ ಕಾರಿಡಾರ್‌ನಲ್ಲಿ ಹುಡುಕ್ಕೋಬೇಕು ಕಣಮ್ಮ."

ಡಾಕ್ಟರು ಎಡಭುಜವನ್ನು ತುಸು ಮುಂದೆ ಮಾಡಿ, ಎದುರುಗಾಳಿಯಲ್ಲಿ ಹೋಗುವವರಂತೆ ನಡೆಯುತ್ತಿದ್ದರು. ಮೊಣಕೈಯಲ್ಲಿ ರಫೂ ಮಾಡಿಸಿದ ಬೂದು ಸ್ವೆಟರು ಬಿಳಿ ಕೋಟಿನೊಳಗಿಂದ ಬೇಸಿಗೆಯಲ್ಲೂ ಇಣುಕುತ್ತಿತ್ತು. ರೋಗಿಯ ತೋಳಿನಲ್ಲಿ, ಸೂಜಿ ಚುಚ್ಚಲೆಂದು ಎರಡು ರಕ್ತನಾಳಗಳನ್ನು ಕೂಡಿಸಿದ ಜಾಗಕ್ಕೆ ಬರಿಗಿವಿಯನ್ನೇ ಆನಿಸಿ ಕಣ್ಣು ಮುಚ್ಚುವರು. ಒಳಗೆ ರಕ್ತ ಜೇನುಹುಳುವಿನಂತೆ ಗುಂಯ್‌ಗುಡುವುದು. ಅದು ಸರಿಯಾಗಿ ಕೇಳಿಸಿದ ದಿನ, "ಶ್ರುತಿ ಕೂಡಿದೆ" ಎಂದು, ತಂಬೂರಿಯ ನಾದಕ್ಕೆ ಮಂಪರು ಹತ್ತಿದವರಂತೆ ಒಂದು ಗಳಿಗೆ ಹಾಗೆಯೇ ಇದ್ದುಬಿಡುವರು.

ಮೂತ್ರಪಿಂಡ ಕೆಟ್ಟು ನನ್ನ ಅಪ್ಪ ತಿಮ್ಮಪ್ಪ ಹಳ್ಳಿಮೈಸೂರಿನಿಂದ ವಾರಕ್ಕೆರಡು ಸಲ ಅವರ ಆಸ್ಪತ್ರೆಗೆ ಹೋಗತೊಡಗಿದ್ದು ತೊಂಬತ್ತೊಂಬತ್ತರಲ್ಲಿ. ಹೊಳೆನರಸೀಪುರದ ಕಾಲೇಜು ತಪ್ಪಿಸಿ ನಾನೂ ಜೊತೆಗಿರುತ್ತಿದ್ದೆ. ಮೊದಲ ದಿನವೇ ಡಾಕ್ಟರು ಅವ್ವನಿಗೆ, ಸೊಪ್ಪುಕಾಳಿನ ಪೊಟ್ಯಾಸಿಯಂ ರಕ್ತದಲ್ಲಿ ಏರಿದರೆ ಅಪ್ಪನ ಎದೆಯೇ ನಿಂತುಹೋಗಬಹುದೆಂದು ವಿವರಿಸಿ, "ಅದಕ್ಕೇ, ಚೆನ್ನಾಗಿ ಬೇಯಿಸಿ, ನೀರು ಬಸಿದು…" ಎನ್ನುತ್ತ ಎದ್ದು ಹೋದರು.

ಅವ್ವ ತಪ್ಪದೆ ಬಸಿದಳು. ಆದರೂ ಒಂದೇ ತಿಂಗಳಲ್ಲಿ ಎರಡು ಬಾರಿ ಪೊಟ್ಯಾಸಿಯಂ ಏರಿ ಅಪ್ಪನನ್ನು ಎತ್ತಿಕೊಂಡೇ ಒಳಗೆ ಒಯ್ಯಬೇಕಾಯಿತು. ಡಾಕ್ಟರು ಡಯಾಲಿಸಿಸ್ ಯಂತ್ರವನ್ನು ಪರೀಕ್ಷಿಸಿದರು, ಔಷಧಿಗಳನ್ನು ಬದಲಿಸಿದರು. ಕೊನೆಗೊಂದು ಭಾನುವಾರ ಬಸ್ಸಿಳಿದು ನೇರ ನಮ್ಮ ಒಲೆಯ ಮುಂದೆ ಬಂದು ಕುಕ್ಕುರುಗಾಲಿನಲ್ಲಿ ಕೂತರು.

"ಬಸಿದ ನೀರೆಲ್ಲಿ, ನಂಜಮ್ಮ?"

"ಅದ್ರಲ್ಲೇ ಅಲ್ವಾ ಸಾ ಬಸ್ಸಾರು ಮಾಡಿರದು. ನೀವೇ ಯೋಳಿದ್ರಲ್ಲ."

"ನಾನಾ?"

"ನೀರು ಬಸಿದು ಅಂದ್ರಿ. ಬಸುದ್ಮೇಲೆ ಇನ್ನೇನ್ ಮಾಡ್ತಾರೆ ಸಾ?"

ಗೋಡೆಗೊರಗಿದ್ದ ಅಪ್ಪ, "ಬಸ್ಸಾರು ಉಣ್ಣದೋರ ಮನೇಲಿ ಉಟ್ಟವ್ರೆ ಕಣಮ್ಮಿ, ಅವ್ರಿಗೇನ್ ಗೊತ್ತಾದದು" ಎಂದು ನಕ್ಕ.

ಡಾಕ್ಟರು ನಗಲಿಲ್ಲ. ಹಬೆಯಾಡುತ್ತಿದ್ದ ಪಾತ್ರೆಯನ್ನೇ ನೋಡುತ್ತ, "ಪೊಟ್ಯಾಸಿಯಂ ಎಲ್ಲಾ ಈ ನೀರಿಗೇ ಇಳಿದಿರುತ್ತೆ. ಚೆಲ್ಲಿ ಅನ್ನೋದನ್ನ ನಾನು ಹೇಳಲೇ ಇಲ್ಲ" ಎಂದು ತಮಗೆ ತಾವೇ ಅಂದುಕೊಂಡರು. ಹೊರಡುವಾಗ ಆ ಸಾರನ್ನು ಬಾಟಲಿಗೆ ತುಂಬಿಸಿಕೊಂಡರು. ಮುಂದಿನ ಎರಡು ವರ್ಷ ಅರಕಲಗೂಡು, ಚನ್ನರಾಯಪಟ್ಟಣಗಳ ಅಡುಗೆಮನೆಗಳಿಂದಲೂ ಬಸಿದ ನೀರು ಅವರ ಮೇಜಿಗೆ ಬಂತು. ಅದನ್ನೆಲ್ಲ ಪರೀಕ್ಷಿಸಿ ಬರೆದ ಸಂಶೋಧನಾ ಪ್ರಬಂಧದ ಕೊನೆಯಲ್ಲಿ ಹಳ್ಳಿಮೈಸೂರಿನ ಗೃಹಿಣಿಯೊಬ್ಬಳಿಗೆ ವಂದನೆ ಸಲ್ಲಿಸಿದ್ದರು. ಅಂದಿನಿಂದ ಆ ಒಂದು ವಾಕ್ಯವನ್ನು ಮಾತ್ರ ಅವರು ಅರ್ಧಕ್ಕೆ ಬಿಟ್ಟದ್ದಿಲ್ಲ. ಬಾಗಿಲ ತನಕ ಹೋಗಿದ್ದರೂ ತಿರುಗಿ ಬಂದು, "ಬಸಿದು, ಚೆಲ್ಲಿ" ಎನ್ನುವರು.

ಅಪ್ಪ ಮತ್ತೆ ಆರು ವರ್ಷ ಬದುಕಿದ, ಬಸ್ಸಾರಿಗೆ ಆಸೆಪಡುತ್ತಲೇ.

ಗುಣಪಡಿಸಲಾಗದ್ದನ್ನು ಇವತ್ತಿನಿಂದ ನಾಳೆಗೆ, ನಾಳೆಯಿಂದ ನಾಡಿದ್ದಿಗೆ ದಾಟಿಸುವುದೇ ಕಸುಬಾದವರಿಗೆ ಪೂರ್ಣವಿರಾಮ ಇಡುವುದು ಒಗ್ಗುವುದಿಲ್ಲವೇನೋ. ಅಪ್ಪ ತೀರಿಕೊಂಡದ್ದನ್ನು ತಿಳಿಸಲು ಅವರ ಮನೆಗೆ ಹೋದಾಗ, ಅವರು ಗೇಟಿನ ಬಳಿ ನಿಂತೇ ಕೇಳಿಸಿಕೊಂಡರು. ಆಮೇಲೆ, "ಆ ತೋಳಿನ ಶ್ರುತಿ ಕೊನೇ ದಿನದವರೆಗೂ…" ಎನ್ನುತ್ತ, ಎಡಭುಜ ಮುಂದೆ ಮಾಡಿ, ಕಾಫಿಪುಡಿ ಯಂತ್ರದ ಸದ್ದಿನೊಳಕ್ಕೆ ನಡೆದುಹೋದರು.