ಬ ಖರಾಬು

ತೇಜಶ್ರೀ ಆ ಲಕೋಟೆಯನ್ನು ಅಪ್ಪನ ಹೆಣದ ಕೆಳಗಿನ ಚಾಪೆಯಡಿಗೆ ತಳ್ಳುವುದಕ್ಕೂ ಚಕ್ರಪಾಣಿಯ ಕಾರು ಶ್ರೀರಾಂಪುರದ ಗಲ್ಲಿಯೊಳಗೆ ಬಂದು ನಿಲ್ಲುವುದಕ್ಕೂ ಸರಿಹೋಯಿತು. ಜಲ್ಲಿ ಕ್ವಾರಿಯ ಧಣಿ ಅವನು, ಆಳೆತ್ತರದ ಸುಗಂಧರಾಜದ ಹಾರವನ್ನೇ ಹೊರಿಸಿಕೊಂಡು ಬಂದಿದ್ದ. ಅಪ್ಪ ಮರಿಯಣ್ಣ ಬದುಕಿದ್ದಾಗ ಅವರಿಗೆ ಒಂದು ಮೊಳ ಹೂ ತಂದವರೂ ಯಾರೂ ಇರಲಿಲ್ಲ.

ಚಕ್ರಪಾಣಿ ಕೈಮುಗಿದು ಅವಳ ಪಕ್ಕದಲ್ಲೇ ಕೂತ. "ಸಾಹೇಬ್ರು ಏನೋ ಕಾಗದ ಬರೆದಿಟ್ಟಿದ್ರಂತೆ. ಏನಿದ್ರೂ ಅವ್ರ ಜೊತೆಗೇ ಮಣ್ಣಾಗ್ಲಿ ಬಿಡಮ್ಮ."

"ನಂಗೊತ್ತಿಲ್ಲ ಸಾರ್," ಅಂದಳು.

*

ಮರಿಯಣ್ಣ ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆದವರು. ಎಲ್ಲಿ ಕಲ್ಲು ಒಡೆಯಬಹುದು, ಎಲ್ಲಿ ಕೂಡದು ಎಂದು ತೋರಿಸುವ ನಕ್ಷೆ. ಹೋದ ತಿಂಗಳು ಊಟದ ತಟ್ಟೆ ಸರಿಸಿ ಮಗಳಿಗೆ ಹೇಳಿದ್ದರು.

"ಅ ಖರಾಬು ಅಂದ್ರೆ ಬರೀ ಬಂಡೆ ಕಣಮ್ಮ, ಒಡೀಬಹುದು. ಬ ಖರಾಬು ಊರಿಗೆ ಸೇರಿದ್ದು, ಮುಟ್ಟಂಗಿಲ್ಲ. ಒಂದೂರಿನ ಹೆಣ ಹೂಳೋ ಜಾಗಕ್ಕೆ ನಾನು ಬ ಬದ್ಲು ಅ ಬರ್ದ್‌ಬಿಟ್ಟಿದೀನಿ. ಬೇಕಂತ ಮಾಡಿದ್ದಲ್ಲ. ಜ್ವರ ಇತ್ತು."

ಅದನ್ನೇ ಕಾಗದದಲ್ಲಿ ಬರೆದು ಸಹಿ ಮಾಡಿ ಲಕೋಟೆಗೆ ಹಾಕಿದರು. ಆ ಊರಿನವರಿಗೆ ಕೊಡಲು ಹೊರಡುವ ಮೊದಲೇ ಎದೆಬಡಿತ ನಿಂತಿತು.

*

ಆ ಊರಿನ ಸೊಣ್ಣಪ್ಪ ಬಂದಾಗ ಚಟ್ಟ ಸಿದ್ಧವಾಗಿತ್ತು. ಮುದುಕ ಹೆಣದ ಕಾಲು ಮುಟ್ಟಿ, ತೇಜಶ್ರೀಯ ಹತ್ತಿರ ಬಗ್ಗಿದ. "ನಮ್ಮೂರಿಗೆ ಬಂದು, ತಪ್ಪು ನಂದೇ, ಬರ್ಕೊಡ್ತೀನಿ ಅಂದಿದ್ರು ತಾಯಿ. ಕ್ವಾರಿ ಇಚಾರಣೆ ನಾಳೀಕೈತೆ. ನಮ್ಮವ್ವನ್ನ ಹೂಳಿದ್ ಜಾಗ್ದಾಗೆ ಈಗ ಗುಂಡಿ ಐತೆ, ನೀರು ನಿಂತೈತೆ."

ಚಕ್ರಪಾಣಿ ಇತ್ತಲೇ ನೋಡುತ್ತಿದ್ದ.

"ಹೊತ್ತಾಯ್ತು, ಎತ್ರಪ್ಪಾ," ಅಂದರು ಯಾರೋ.

ಚಾಪೆ ಸಮೇತ ಎತ್ತಿದರೆ ಲಕೋಟೆ ಕಾಣುತ್ತದೆ. ಅಪ್ಪನ ಜೇಬಿಗೆ ಸೇರಿಸಿ ಮಣ್ಣು ಮಾಡಿಬಿಡೋಣ ಎಂದುಕೊಂಡೇ ಚಾಪೆಯಡಿಯಿಂದ ಅದನ್ನು ಹೊರಗೆಳೆದಳು. ಅಪ್ಪನ ಬೆರಳ ಸಂದಿಯಲ್ಲಿ ಇನ್ನೂ ಮಸಿಯ ಕಲೆಯಿತ್ತು. ಅದೇನಾಯಿತೋ, ಲಕೋಟೆಯನ್ನು ಸೊಣ್ಣಪ್ಪನ ಕೈಗಿಟ್ಟುಬಿಟ್ಟಳು. ಅವನು ಅದನ್ನು ಬನಿಯನ್ನಿನೊಳಗೆ ಸೇರಿಸಿ ಜನರ ನಡುವೆ ಸರಿದುಹೋದ.

ಚಕ್ರಪಾಣಿ ಎಲ್ಲವನ್ನೂ ನೋಡಿದ. ರೇಗಲಿಲ್ಲ, ಕೂಗಲಿಲ್ಲ. ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿಕೊಂಡ. ಮೆಟ್ಟಿಲ ಮೇಲೆ ತೇಜಶ್ರೀಯ ಏಳು ವರ್ಷದ ಮಗಳು ಲಾಸ್ಯಾ ಕೂತಿದ್ದಳು. ಬಗ್ಗಿ ಅವಳ ಕೆನ್ನೆ ತಟ್ಟಿದ.

"ಯಾವ ಸ್ಕೂಲು ಪುಟ್ಟಿ?"

ಲಾಸ್ಯಾ ಸ್ಕೂಲಿನ ಹೆಸರು, ಕ್ಲಾಸು, ಸೆಕ್ಷನ್ನು, ವ್ಯಾನು ಬರುವ ಹೊತ್ತು, ಎಲ್ಲವನ್ನೂ ಒಪ್ಪಿಸಿದಳು.